ಶಿಲುಬೆ ಎಂಬ ಶಬ್ದ

ಕನ್ನಡದಲ್ಲಿ 'ಶಿಲುಬೆ' ಎಂಬ ಶಬ್ದವು ಎಷ್ಟು ಚೆನ್ನಾಗಿ ಬೇರೂರಿದೆಯೆಂದರೆ, ಅದನ್ನು ಕೇಳಿದವರಿಗೆ ಶಿಲೆ, ಶಿಲ್ಪಗಳ ನೆಂಟಸ್ತಿಕೆ ತೋರಬಹುದೇ ಹೊರತು ಅದು ಪರದೇಶದ್ದೆಂಬ ಸಂಶಯ ಹುಟ್ಟುವುದಿಲ್ಲ. ಆದರೆ ಅದು ಸಂಸ್ಕೃತದಿಂದ ಬಂದುದೂ ಅಲ್ಲ, ಕನ್ನಡದ ಒಡಲಲ್ಲಿ ಹುಟ್ಟಿದುದೂ ಅಲ್ಲ. ಕೇರಳದ ಪುರಾತನ ಕ್ರೈಸ್ತರು ಶತಮಾನಗಳ ಕಾಲ ದೇವಾರಾಧನೆಗೆ ಬಳಸಿದ ಸಿರಿಯಾಕ್ ಭಾಷೆಯ 'ಸ್ಲೀಬಾ' ಎಂಬುದೇ ಇದರ ಮೂಲ. ಮಲಯಾಳದ 'ಸ್ಲೀವಾ', ತಮಿಳಿನ 'ಸಿಲುವೈ', ತೆಲುಗಿನ 'ಸಿಲುವ' ಇವೆಲ್ಲ ಅದರ ಸಂತತಿಯೇ; ಅರಬ್ಬಿಯ 'ಸಲೀಬ್' ಅದರ ದಾಯಾದಿ. ತರುವಾಯ ಹಡಗೇರಿ ಬಂದ ಪೋರ್ಚುಗೀಸರ 'ಕ್ರೂಸ್' ಮಲಯಾಳದಲ್ಲಿ 'ಕುರಿಶು' ಆಯಿತು, ಕೊಂಕಣಿಯಲ್ಲಿ 'ಖುರಿಸ್' ಆಯಿತು. ಮಂಗಳೂರಿನ ಕಡೆಯ ಕಥೋಲಿಕರು ಮನೆಯ ಮಾತಿನಲ್ಲಿ ಇಂದಿಗೂ ಖುರಿಸ್ ಎನ್ನುವರು; ಕನ್ನಡದಲ್ಲಿ ಪ್ರಾರ್ಥಿಸುವಾಗ ಅದೇ ವಸ್ತು ಶಿಲುಬೆಯಾಗುತ್ತದೆ. ಒಂದು ಶಬ್ದ ರೋಮಿನ ದಾರಿಯಿಂದ ಬಂದುದು, ಇನ್ನೊಂದು ಸಿರಿಯಾಕ್ ನುಡಿಯ ಎದೆಸ್ಸಾ ನಗರದ ದಾರಿಯಿಂದ.

ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವುದು ಸ್ಲೀಬಾ ಎಂಬುದರ ಅಂತರಾರ್ಥ. ವ್ಯಾಕರಣದ ದೃಷ್ಟಿಯಿಂದ ಅದು ಕರ್ಮಣಿ ಕೃದಂತ. 'ತೂಗುಹಾಕಲ್ಪಟ್ಟದ್ದು', 'ತೂಗುಹಾಕಲ್ಪಟ್ಟವನು' ಎಂಬ ಅರ್ಥವನ್ನು ಗರ್ಭೀಕರಿಸಿಕೊಂಡದ್ದು. ಎಂದರೆ ಮರವನ್ನು ಹೆಸರಿಸುವ ಶಬ್ದದೊಳಗೆಯೇ ಆ ಮರದ ಮೇಲಿನ ಮನುಷ್ಯನೂ ಇದ್ದಾನೆ. ಹೀಗಿದ್ದೂ ಈ ಶಬ್ದವನ್ನು ನಮಗೆ ಕೊಟ್ಟವರ ಶಿಲುಬೆಗಳು ಬರಿದು! ಮದರಾಸಿನ ಸಂತ ತೋಮನ ಗುಡ್ಡದಲ್ಲಿ 1547ರಲ್ಲಿ ದೊರೆತ ಕಲ್ಲಿನ ಶಿಲುಬೆಯನ್ನು ನೋಡಿರಿ: ಸುತ್ತಲೂ ಪಹ್ಲವಿ ಲಿಪಿಯ ಬರಹ, ಮೊಗ್ಗಿನಂತೆ ಅರಳಿದ ತುದಿಗಳು, ಮೇಲಿನಿಂದ ಇಳಿದುಬರುವ ಪಾರಿವಾಳ; ದೇಹ ಮಾತ್ರ ಇಲ್ಲ. ಸಿರಿಯಾಕ್ ನುಡಿದ ಜನರೆಲ್ಲರೂ ದೇಹವನ್ನು ವರ್ಜಿಸಿದರೆಂದು ಮಾತ್ರ ಇದರಿಂದ ತಿಳಿಯಬಾರದು. 586ರಲ್ಲಿ ಬರೆದು ಮುಗಿದ, ಈಗ ಫ್ಲಾರೆನ್ಸಿನಲ್ಲಿರುವ ರಬ್ಬೂಲನ ಸಿರಿಯಾಕ್ ಸುವಾರ್ತಾ ಗ್ರಂಥದಲ್ಲಿ ಕ್ರಿಸ್ತನು ನೀಳವಾದ ನಿಲುವಂಗಿಯನ್ನು ತೊಟ್ಟು ಶಿಲುಬೆಯ ಮೇಲಿದ್ದಾನೆ.

ಆ ದೇಹವನ್ನು ಕಾಣಿಸಲು ಕ್ರೈಸ್ತರು ಬಹುಕಾಲ ಹಿಂಜರಿದರೆಂಬುದು ಸಹಜವೇ ಸರಿ. ದಾಸರಿಗೂ ದಂಗೆಕೋರರಿಗೂ ರೋಮನರು ವಿಧಿಸುತ್ತಿದ್ದ ಹೀನಾತಿಹೀನ ಶಿಕ್ಷೆಯದು. ಅದನ್ನು ಕಣ್ಣಾರೆ ಕಂಡ ತಲೆಮಾರುಗಳು ಅದನ್ನು ಗೋಡೆಗೆ ತೂಗುಹಾಕಿಕೊಳ್ಳುವುದೆಂತು? ರೋಮಿನ ಸಾಂತಾ ಸಬೀನಾ ದೇವಾಲಯದ ಐದನೆಯ ಶತಮಾನದ ಮರದ ಕದದಲ್ಲಿ ಕ್ರಿಸ್ತನು ಕೈಚಾಚಿ ನಿಂತಿದ್ದಾನೆ. ಶಿಲುಬೆಯು ಕಂಡೂ ಕಾಣದಂತಿದೆ. ಕೊಲೋನಿನ ಪ್ರಧಾನಾಲಯದಲ್ಲಿರುವ, ಹತ್ತನೆಯ ಶತಮಾನದ ಗೇರೋ ಶಿಲುಬೆಗೆ ಬರುವ ವೇಳೆಗೆ ಆ ಸಂಕೋಚವೆಲ್ಲ ಕಳೆದಿತ್ತು. ಆಳೆತ್ತರವನ್ನು ಮೀರಿದ ಆ ಓಕ್ ಮರದ ವಿಗ್ರಹದಲ್ಲಿ ಕಣ್ಣು ಮುಚ್ಚಿದೆ, ತಲೆ ಎದೆಯ ಮೇಲೆ ಬಾಗಿದೆ, ದೇಹದ ಭಾರವೆಲ್ಲ ತೋಳುಗಳಿಂದ ಜಗ್ಗುತ್ತಿದೆ, ಉದರವು ಉಬ್ಬಿ ಮುಂದೆ ಬಂದಿದೆ. ಸತ್ತ ಮನುಷ್ಯನ ಮೈಯನ್ನು ಹತ್ತಿರದಿಂದ ಕಂಡ ಶಿಲ್ಪಿಯಲ್ಲದೆ ಬೇರೊಬ್ಬನು ಅದನ್ನು ಕೆತ್ತಿರಲಾರ.

ಲ್ಯಾಟಿನ್ ಸಂಪ್ರದಾಯದ ಜನರು ದೇಹವುಳ್ಳ ಶಿಲುಬೆಗೆ ಕ್ರೂಸಿಫಿಕ್ಸ್ ಎಂಬ ಪ್ರತ್ಯೇಕ ನಾಮವನ್ನಿಟ್ಟರು. ಕನ್ನಡವು ಎರಡನ್ನೂ ಶಿಲುಬೆಯೆಂದೇ ಕರೆಯಿತು; ಇದನ್ನು ನಮ್ಮ ನುಡಿಯ ದಾರಿದ್ರ್ಯವೆಂದು ನಾನು ಬಗೆಯಲಾರೆ. ತಮಿಳು ಕಥೋಲಿಕರಲ್ಲಿ ದೇಹವುಳ್ಳ ಶಿಲುಬೆಗೆ 'ಪಾಡುಪಟ್ಟ ಸುರೂಪಂ' ಎಂಬ ಹೃದ್ಯವಾದ ಹೆಸರುಂಟು. ಆ 'ಪಾಡು' ನಮಗೂ ಅಪರಿಚಿತವಲ್ಲ. ಪಡಬಾರದ ಪಾಡು ಪಟ್ಟಳೆಂದು ನೆರೆಮನೆಯ ವಿಧವೆಯನ್ನು ಕುರಿತು ಆಡುವ ಶಬ್ದವನ್ನೇ ಕನ್ನಡ ಕ್ರೈಸ್ತರು ಯೇಸುವಿನ ಪಾಡುಗಳೆಂದು ದೇವಪುತ್ರನಿಗೂ ಹೇಳುವರು. ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಮೊಣಕಾಲೂರಿ ಏಳುವ ಮುದುಕಿಗೆ ಆ ಪಾಡನ್ನು ಯಾರೂ ವ್ಯಾಖ್ಯಾನಿಸಬೇಕಾಗಿಲ್ಲ. ಅದೇ ಮುದುಕಿ ಶುಭ ಶುಕ್ರವಾರದಂದು ಸಾಲಿನಲ್ಲಿ ಬಂದು ಮುತ್ತಿಡುವುದು ಒಂದರ ಮೇಲೊಂದು ಇಟ್ಟು ಒಂದೇ ಮೊಳೆ ಜಡಿದ ಆ ಪಾದಗಳಿಗೆ.

ಕ್ರಿಯಾಪದದ ವಿಷಯದಲ್ಲಿ ಕನ್ನಡವು ಇನ್ನೂ ಭಾಗ್ಯಶಾಲಿ. ಶೂಲಕ್ಕೇರಿಸು, ಗಲ್ಲಿಗೇರಿಸು ಎಂಬ ಹಳೆಯ ಜಾಡಿನಲ್ಲಿಯೇ ನಾವು ಶಿಲುಬೆಗೇರಿಸು ಎಂದೆವು. ಆದರೆ ಪಟ್ಟಕ್ಕೇರಿಸುವುದೂ ಅದೇ ಏರಿಸುವುದಲ್ಲವೆ? ಯೋಹಾನನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಮೇಲಕ್ಕೆತ್ತುವುದೆಂಬ ಒಂದೇ ಕ್ರಿಯಾಪದವು ಮರಣವನ್ನೂ ಮಹಿಮೆಯನ್ನೂ ಒಟ್ಟಿಗೆ ಸೂಚಿಸುತ್ತದೆ; ನಮ್ಮ 'ಏರಿಸು'ವಿಗೂ ಆ ಎರಡು ದಿಕ್ಕುಗಳು ತಾವಾಗಿಯೇ ಒದಗಿವೆ.

ಇಷ್ಟು ತುಂಬಿದ ಶಬ್ದವನ್ನು ಪತ್ರಿಕೆಗಳು ಬಳಸುವ ಬಗೆಯು ನನಗೆ ನೋವನ್ನುಂಟುಮಾಡುತ್ತದೆ. 'ನನ್ನ ಶಿಲುಬೆಯನ್ನು ನಾನೇ ಹೊರಬೇಕು' ಎಂದು ಕ್ರೈಸ್ತನಲ್ಲದವನು ನಿಟ್ಟುಸಿರಿಟ್ಟಾಗ ಶಬ್ದವು ಬೆಳೆಯಿತೆಂದೇ ಸಂತೋಷಪಡುವೆನು, ಏಕೆಂದರೆ ಅಲ್ಲಿ ಹೊರೆಯೂ ನಿಜ, ಹೊತ್ತವನೂ ನಿಜ. ಆದರೆ ಸಭೆಯಲ್ಲಿ ಮಂತ್ರಿಯೊಬ್ಬರಿಗೆ ಹತ್ತು ಪ್ರಶ್ನೆ ಹಾಕಿದುದನ್ನು 'ಶಿಲುಬೆಗೇರಿಸಿದರು' ಎಂದು ಬರೆಯುವಾಗ ಮೊಳೆಯೂ ಇಲ್ಲ, ಮರವೂ ಇಲ್ಲ, ಪಾಡೂ ಇಲ್ಲ. ಅಲ್ಲಿ 'ತರಾಟೆಗೆ ತೆಗೆದುಕೊಂಡರು' ಎಂದರೆ ಧಾರಾಳವಾಗಿ ಸಾಕು.