ಎದುರು ಬಣದ ಅಂಗಿ

ಬೇಸ್‌ಬಾಲ್ ಬಗ್ಗೆ ಬರೆಯುತ್ತಿದ್ದೇನೆ ಎಂದಾಗ ನಮ್ಮ ಸ್ಟಾಫ್ ರೂಮಿನಲ್ಲಿ ನಗು ಎದ್ದಿತು. ಐವತ್ತು ದಾಟಿದ ಚರಿತ್ರೆಯ ಟೀಚರಿಗೆ ಅಮೆರಿಕದ ಆಟದ ಉಸಾಬರಿ ಯಾಕೆ ಎಂದು ಗೆಳತಿಯರ ಪ್ರಶ್ನೆ. ನಿಜ, ಆ ಆಟವನ್ನು ನಾನು ಮೈದಾನದಲ್ಲಿ ಕೂತು ನೋಡಿದವಳಲ್ಲ. ಚೆಂಡು ಹೊಡೆದು, ನಾಲ್ಕು ಮೂಲೆಯ ಬೇಸ್‌ಗಳನ್ನು ಮುಟ್ಟಿಕೊಂಡು ಸುತ್ತಿ ಬಂದರೆ ಒಂದು ರನ್ನು. ಕ್ರಿಕೆಟ್ಟಿನ ದಾಯಾದಿ ಎನ್ನಿ. ಇಷ್ಟು ತಿಳಿದಿದ್ದರೆ ನಿಮಗೂ ಸಾಕು, ನನಗೂ ಸಾಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆಟವಲ್ಲ. 1956ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಎಂಬ ಭಾಗದ ಜನ ಅನುಭವಿಸಿದ ಒಂದು ಸಂಕಟ. ತಮ್ಮ ಮನೆಮಗನಂತಿದ್ದ, ವಯಸ್ಸಾಗುತ್ತಿದ್ದ ಆಟಗಾರ ಹಗೆಯವರ ತಂಡದ ಪಾಲಾಗುತ್ತಾನೆ ಎಂಬ ಸುದ್ದಿ ಅವರ ಕಿವಿಗೆ ಬಿತ್ತು. ಅವನ ಹೆಸರು ಜಾಕಿ ರಾಬಿನ್ಸನ್.

ವರ್ಣಭೇದದ ಪಾಠ ಮಾಡುವಾಗ ಅವನ ಹೆಸರು ಬರುತ್ತದೆ. 1919ರಲ್ಲಿ ಜಾರ್ಜಿಯಾ ಪ್ರಾಂತ್ಯದ ಕೈರೋ ಎಂಬ ಊರಿನಲ್ಲಿ, ಪಾಲಿಗೆ ಗದ್ದೆ ಮಾಡುವ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿದವನು. ತಂದೆ ಬಿಟ್ಟುಹೋದ. ತಾಯಿ ಮ್ಯಾಲಿ ಐದು ಮಕ್ಕಳನ್ನು ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಕಂಡವರ ಮನೆಯ ಮುಸುರೆ ಬಟ್ಟೆ ನೋಡಿಕೊಂಡು ಅವರನ್ನು ಸಾಕಿದಳು. ಬೇಸ್‌ಬಾಲಿನ ದೊಡ್ಡ ತಂಡಗಳಲ್ಲಿ ಆಗ ಅರವತ್ತು ವರ್ಷಗಳಿಂದ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಆ ಬಾಗಿಲನ್ನು 1947ರ ಏಪ್ರಿಲ್ 15ರಂದು ರಾಬಿನ್ಸನ್ ದಾಟಿದ. ದಾಟಿಸಿದ್ದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ. ಬೈದರೂ ಉಗಿದರೂ ಎದುರಾಡಬಾರದು ಎಂಬುದು ಅವನ ಕಟ್ಟಪ್ಪಣೆ. ರಾಬಿನ್ಸನ್ ಸ್ವಭಾವತಃ ಮುಂಗೋಪಿ. ಆ ಮಾತು ನಡೆಸಿಕೊಡಲು ಅವನು ಏನೇನು ನುಂಗಿಕೊಂಡನೋ ಗ್ಯಾಲರಿಯಲ್ಲಿ ಕೂತು ಆ ಬೈಗುಳಗಳನ್ನೆಲ್ಲ ಕೇಳುತ್ತಿದ್ದ ಹೆಂಡತಿ ರೇಚಲ್‌ಗೇ ಗೊತ್ತು.

ಬ್ರೂಕ್ಲಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1898ರವರೆಗೆ ಅದು ಸ್ವತಂತ್ರ ನಗರ. ಆ ವರ್ಷ ನ್ಯೂಯಾರ್ಕಿಗೆ ಸೇರಿಸಿದ ಮೇಲೆ, ದೊಡ್ಡ ಮನೆಗೆ ಬಂದ ಕಿರಿ ಸೊಸೆಯ ಹಾಗೆ ಅದಕ್ಕೊಂದು ಕೀಳರಿಮೆ, ಅದರ ಜೊತೆಗೇ ಒಂದು ಜಂಭ. ಬೀದಿ ತುಂಬ ಓಡಾಡುತ್ತಿದ್ದ ಟ್ರಾಮುಗಳಿಂದ ತಪ್ಪಿಸಿಕೊಂಡು ನಡೆಯುವವರು ಎಂಬುದೇ 'ಡಾಡ್ಜರ್ಸ್' ಹೆಸರಿನ ಮೂಲ. ವರ್ಷವರ್ಷವೂ ಕೊನೆಯ ಮೆಟ್ಟಿಲಿನಲ್ಲಿ ಸೋಲುವ ತಂಡ. ಜನ ಅವರನ್ನು ಪ್ರೀತಿಯಿಂದಲೇ ದಂಡಪಿಂಡಗಳು ಎಂಬರ್ಥದಲ್ಲಿ ಕರೆಯುತ್ತಿದ್ದರು. 'ಮುಂದಿನ ವರ್ಷ ನೋಡ್ಕೋತೀವಿ ಇರಿ' ಎನ್ನುವುದು ಊರಿನ ಮಂತ್ರವೇ ಆಗಿತ್ತು. ವರ್ಲ್ಡ್ ಸೀರೀಸ್ ಎಂಬ ಅಂತಿಮ ಪಂದ್ಯಾವಳಿಯನ್ನು ಗೆಲ್ಲಲು ಅವರಿಗೆ 1955ರ ಅಕ್ಟೋಬರ್ ಬರಬೇಕಾಯಿತು.

ಅಭಿಮಾನಿಗಳೆಂದರೆ ಬರೀ ಗಂಡಸರಲ್ಲ. ಹಿಲ್ಡಾ ಚೆಸ್ಟರ್ ಎಂಬ ಹೆಂಗಸು ಅಗ್ಗದ ಸೀಟಿನಲ್ಲಿ ಕೂತು ದನದ ಕೊರಳಗಂಟೆ ಬಾರಿಸುತ್ತಿದ್ದಳು. ಹೃದಯಾಘಾತವಾದ ಮೇಲೆ ಕೂಗಾಡಬೇಡ ಎಂದು ಡಾಕ್ಟರು ಹೇಳಿದರಂತೆ. ಸರಿ, ಬಾಯಿ ಮುಚ್ಚಿಕೊಂಡು ಬಾಣಲೆ ಮತ್ತು ಸೌಟು ಹಿಡಿದು ಮೈದಾನಕ್ಕೆ ಬಂದಳಂತೆ. ಆಮೇಲೆ ಸಿಕ್ಕಿದ್ದು ಆ ಗಂಟೆ. ನನಗೆ ಬಹಳ ಹಿಡಿಸಿದವಳು! ಮುಂದೆ ಹೆಸರಾಂತ ಇತಿಹಾಸಕಾರ್ತಿಯಾದ ಡೋರಿಸ್ ಕರ್ನ್ಸ್ ಗುಡ್ವಿನ್ 1997ರಲ್ಲಿ ಪ್ರಕಟಿಸಿದ ಬಾಲ್ಯದ ನೆನಪುಗಳಲ್ಲಿ, ತಂದೆ ಕಲಿಸಿದಂತೆ ರೇಡಿಯೋ ಮುಂದೆ ಕೂತು ಪಂದ್ಯದ ಲೆಕ್ಕ ಬರೆದಿಟ್ಟುಕೊಂಡು, ಸಂಜೆ ಅವರು ಕೆಲಸದಿಂದ ಬಂದ ಮೇಲೆ ಇಡೀ ಆಟವನ್ನು ಕಥೆಯಂತೆ ಒಪ್ಪಿಸುತ್ತಿದ್ದುದನ್ನು ಹೇಳಿಕೊಂಡಿದ್ದಾರೆ. ಕಥೆ ಹೇಳುವ ವಿದ್ಯೆ ಆಕೆಗೆ ಸಿಕ್ಕಿದ್ದು ಅಲ್ಲೇ.

ಇನ್ನು ಹಗೆಯ ಮಾತು. ಅದೇ ನ್ಯೂಯಾರ್ಕಿನಲ್ಲಿ, ನದಿಯಾಚೆ, ಸುರಂಗ ರೈಲಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಜೈಂಟ್ಸ್ ತಂಡ. ದೂರದವರ ಮೇಲೆ ಇಷ್ಟು ದ್ವೇಷ ಹುಟ್ಟುವುದಿಲ್ಲ, ಪಕ್ಕದ ಮನೆಯವರೇ ಬೇಕು. 1948ರಲ್ಲಿ ಡಾಡ್ಜರ್ಸ್ ತಂಡವನ್ನು ನಡೆಸುತ್ತಿದ್ದ ಲಿಯೋ ಡ್ಯುರೋಷರ್ ವರ್ಷದ ನಡುವೆಯೇ ಎದ್ದುಹೋಗಿ ಜೈಂಟ್ಸ್ ತಂಡದ ಯಜಮಾನಿಕೆ ವಹಿಸಿಕೊಂಡ. 1951ರಲ್ಲಿ ಆಗಸ್ಟ್ ತಿಂಗಳಿನಲ್ಲಿ 13 ಪಂದ್ಯಗಳಿಗೂ ಹೆಚ್ಚು ಮುಂದಿದ್ದ ಡಾಡ್ಜರ್ಸ್ ಅದನ್ನೆಲ್ಲ ಕಳೆದುಕೊಂಡು, ಅಕ್ಟೋಬರ್ 3ರ ನಿರ್ಣಾಯಕ ಪಂದ್ಯದ ಕಟ್ಟಕಡೆಯಲ್ಲಿ ಜೈಂಟ್ಸ್‌ನ ಬಾಬಿ ಥಾಮ್ಸನ್ ಹೊಡೆದ ಒಂದೇ ಹೊಡೆತಕ್ಕೆ ಸೋತಿತು. ಉಳಿದವರು ತಲೆ ತಗ್ಗಿಸಿ ಹೊರಟರೂ ರಾಬಿನ್ಸನ್ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತು, ಥಾಮ್ಸನ್ ಪ್ರತಿಯೊಂದು ಬೇಸನ್ನೂ ಸರಿಯಾಗಿ ಮುಟ್ಟುತ್ತಾನೋ ಇಲ್ಲವೋ ಎಂದು ಕೊನೆಯವರೆಗೂ ನೋಡುತ್ತಿದ್ದ. ಸೋಲನ್ನು ಸುಲಭಕ್ಕೆ ಒಪ್ಪುವ ಜಾಯಮಾನ ಅಲ್ಲ ಅದು.

ಇಷ್ಟಾದರೂ ಒಂದು ಸೋಜಿಗ ನಡೆದಿತ್ತು. ಜೈಂಟ್ಸ್‌ನಲ್ಲಿ ಸ್ಯಾಲ್ ಮ್ಯಾಗ್ಲಿ ಎಂಬ ಚೆಂಡೆಸೆಯುವವನಿದ್ದ. ದಾಂಡಿಗನ ಗಲ್ಲ ಸವರಿಕೊಂಡು ಹೋಗುವಂತೆ ಎಸೆಯುತ್ತಿದ್ದನಾದ್ದರಿಂದ ಅವನಿಗೆ 'ಕ್ಷೌರಿಕ' ಎಂದೇ ಅಡ್ಡಹೆಸರು. ಬ್ರೂಕ್ಲಿನ್‌ನಲ್ಲಿ ಅವನ ಹೆಸರೆತ್ತಿದರೆ ಶಾಪ. 1955ರಲ್ಲಿ ರಾಬಿನ್ಸನ್ ಅವನಿಗೆ ಡಿಕ್ಕಿ ಹೊಡೆಯಲೆಂದೇ ಚೆಂಡನ್ನು ಮೆಲ್ಲಗೆ ತಳ್ಳಿ ಓಡಿದ. ಮ್ಯಾಗ್ಲಿ ಅಡ್ಡ ಬರಲಿಲ್ಲ, ಪಾಪ, ಡೇವಿ ವಿಲಿಯಮ್ಸ್ ಎಂಬ ಇನ್ನೊಬ್ಬ ಆಟಗಾರ ಪೆಟ್ಟು ತಿಂದ. ಈ ಮ್ಯಾಗ್ಲಿ ಕ್ಲೀವ್‌ಲೆಂಡ್‌ಗೆ ಹೋಗಿ, ಮರುವರ್ಷ, 39ನೇ ವಯಸ್ಸಿನಲ್ಲಿ, ಎಲ್ಲಿಗೆ ಬಂದ ಗೊತ್ತೆ? ಡಾಡ್ಜರ್ಸ್‌ಗೆ! ಮೊದಲು ಮೂಗು ಮುರಿದ ಜನ ಅವನು ಒಂದೊಂದೇ ಪಂದ್ಯ ಗೆಲ್ಲಿಸಿಕೊಡುತ್ತ ಹೋದಂತೆ ಮೆತ್ತಗಾದರು. ಸೆಪ್ಟೆಂಬರ್ 25ರಂದು ಫಿಲಡೆಲ್ಫಿಯಾ ತಂಡದವರಿಗೆ ಒಂದೇ ಒಂದು ಹಿಟ್ ಕೂಡ ಕೊಡದೆ ಪಂದ್ಯ ಗೆದ್ದಾಗ ಚಪ್ಪಾಳೆಯೋ ಚಪ್ಪಾಳೆ. ಆ ವರ್ಷ ಡಾಡ್ಜರ್ಸ್ ಲೀಗ್ ಗೆದ್ದದ್ದು ಒಂದೇ ಒಂದು ಪಂದ್ಯದ ಅಂತರದಿಂದ. ಬರುವವನನ್ನು ಒಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ, ನೋಡಿ. ಕರುಳು ಕಿವುಚುವುದು ಹೋಗುವವನು.

ಇದು ನನಗೆ ತೀರ ಹತ್ತಿರದಿಂದ ಗೊತ್ತು. ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರಿಗೆ ವರ್ಷಗಳ ಹಿಂದೆ ವರ್ಗವಾಗಿ, ಖೋ ಖೋದಲ್ಲಿ ನಮ್ಮ ಹುಡುಗಿಯರ ಖಾಯಂ ಎದುರಾಳಿಯಾದ ಪಕ್ಕದ ಊರಿನ ಶಾಲೆಗೇ ಹೋದರು. ಆ ಸಲದ ತಾಲ್ಲೂಕು ಮಟ್ಟದ ಪಂದ್ಯದಲ್ಲಿ ಅವರು ಅತ್ತ ಕಡೆ ವಿಸಿಲ್ ಹಿಡಿದು ನಿಂತಿದ್ದನ್ನು ಕಂಡು ಒಂಬತ್ತನೇ ಕ್ಲಾಸಿನ ಹುಡುಗಿ, "ನಮ್ಮ ಸಾರ್ ಅಲ್ವಾ ಮಿಸ್, ಅವರ ಕಡೆ ಯಾಕೆ ನಿಂತಿದಾರೆ?" ಎಂದು ಕೇಳಿದಳು. ಸರ್ಕಾರದ ಆದೇಶ ಕಣೇ ಎಂದರೆ ಅವಳಿಗೆ ಸಮಾಧಾನವಾಗಲಿಲ್ಲ. ಅವರು ನಮ್ಮನ್ನು ನೋಡಿ ನಗದಿದ್ದರೂ ಕೋಪ, ನಕ್ಕರೂ ಕೋಪ.

1956ರ ಡಿಸೆಂಬರ್ 13ರಂದು ಬ್ರೂಕ್ಲಿನ್ ಕೇಳಿದ್ದೂ ಅದೇ ಪ್ರಶ್ನೆ. ರಾಬಿನ್ಸನ್‌ಗೆ ಆಗ 38 ತುಂಬಲು ಒಂದೂವರೆ ತಿಂಗಳು. ತಲೆ ನೆರೆತಿತ್ತು, ಮೈ ಭಾರವಾಗಿತ್ತು. ಆದರೂ ಅಕ್ಟೋಬರ್ 9ರಂದು ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯವನ್ನು ಅವನ ಹೊಡೆತವೇ 1-0ರಲ್ಲಿ ಗೆಲ್ಲಿಸಿತ್ತು. ಎರಡು ತಿಂಗಳು ಕಳೆದಿದೆಯಷ್ಟೆ, ಅಂಥವನನ್ನು ಡಿಕ್ ಲಿಟಲ್‌ಫೀಲ್ಡ್ ಎಂಬ ಸಾಧಾರಣ ಆಟಗಾರ ಮತ್ತು ಸುಮಾರು 30,000 ಡಾಲರ್ ಪಡೆದು ಜೈಂಟ್ಸ್‌ಗೆ ಕೊಟ್ಟುಬಿಟ್ಟರು. ಜನರಿಗೆ ಸಿಡಿಲು ಬಡಿದಂತಾಯಿತು. ಬೇರೆ ಯಾವ ತಂಡವಾದರೂ ಆಗಬಹುದಿತ್ತು! ಅವನು ಅವರ ಮೈದಾನದಲ್ಲಿ, ಅವರ ಅಂಗಿ ತೊಟ್ಟು ನಮ್ಮ ವಿರುದ್ಧ ಓಡುವುದನ್ನು ನೋಡುವುದು ಹೇಗೆ? ಚಪ್ಪಾಳೆ ತಟ್ಟಬೇಕೋ ಬೈಯಬೇಕೋ? ಜೈಂಟ್ಸ್ ಅಭಿಮಾನಿಗಳಿಗೂ ಇದು ಬಿಸಿ ತುಪ್ಪವೇ. ಹತ್ತು ವರ್ಷ ಬೈದ ಬಾಯಲ್ಲಿ ಈಗ ಜೈಕಾರ ಹಾಕಬೇಕು.

ರಾಬಿನ್ಸನ್ ಜೈಂಟ್ಸ್ ಅಂಗಿ ತೊಡಲಿಲ್ಲ. ಆಟವನ್ನೇ ಬಿಟ್ಟ. ಅಲ್ಲಿಂದ ಒಂದು ಐತಿಹ್ಯ ಹುಟ್ಟಿತು: ಹಗೆಯವರ ಪರ ಆಡುವುದಕ್ಕಿಂತ ಆಟ ಬಿಡುವುದೇ ಮೇಲೆಂದ ಧೀರ ಎಂದು. ಅಭಿಮಾನಿಗಳು ಇದನ್ನು ಎದೆಗೊತ್ತಿಕೊಂಡರು. ಕೇಳಲು ಚೆಂದ, ಆದರೆ ನಡೆದದ್ದು ಹಾಗಲ್ಲ. ಅವನು ಆಟ ಬಿಡುವ ನಿರ್ಧಾರವನ್ನು ಮೊದಲೇ ಮಾಡಿಯಾಗಿತ್ತು. ಮೂರು ಮಕ್ಕಳ ತಂದೆ. ಆಟ ನಿಂತ ಮೇಲೆ ಕಪ್ಪು ಮನುಷ್ಯನನ್ನು ತರಬೇತುದಾರನಾಗಿಯೋ ವ್ಯವಸ್ಥಾಪಕನಾಗಿಯೋ ಕರೆಯುವವರು ಆಗ ಯಾರೂ ಇರಲಿಲ್ಲ. ನ್ಯೂಯಾರ್ಕಿನಲ್ಲಿ ಕಾಫಿ, ತಿಂಡಿಯ ಅಂಗಡಿಗಳ ಸರಣಿ ನಡೆಸುತ್ತಿದ್ದ 'ಚಾಕ್ ಫುಲ್ ಓ ನಟ್ಸ್' ಕಂಪನಿ ಅವನಿಗೆ ಉಪಾಧ್ಯಕ್ಷನ ಹುದ್ದೆ ಕೊಟ್ಟಿತು. ಅಲ್ಲಿ ದುಡಿಯುತ್ತಿದ್ದ ನೌಕರರಲ್ಲಿ ಬಹಳ ಮಂದಿ ಕಪ್ಪು ಜನ, ಅವರ ಯೋಗಕ್ಷೇಮ ನೋಡಿಕೊಳ್ಳುವ ಕೆಲಸ. ಈ ಒಪ್ಪಂದವಾದ ದಿನಗಳಲ್ಲೇ ಡಾಡ್ಜರ್ಸ್‌ನವರು ಅವನನ್ನು ಮಾರಿದ್ದು. ನಿವೃತ್ತಿಯ ಸುದ್ದಿಯನ್ನು 'ಲುಕ್' ಪತ್ರಿಕೆಗೆ ಮೊದಲು ಕೊಡುತ್ತೇನೆಂದು ಹಣ ಪಡೆದಿದ್ದರಿಂದ ಬಾಯಿ ಬಿಡುವಂತಿರಲಿಲ್ಲ. ಜನವರಿಯಲ್ಲಿ ಲೇಖನ ಹೊರಬಿದ್ದಾಗ ಕೆಲವು ಪತ್ರಕರ್ತರು ಮೋಸಗಾರ ಎಂದರು. ಜೈಂಟ್ಸ್‌ನಿಂದ ಇನ್ನಷ್ಟು ಹಣ ಕೀಳುವ ಉಪಾಯವಿದು ಎಂಬರ್ಥದಲ್ಲಿ ಡಾಡ್ಜರ್ಸ್‌ನ ಬಝಿ ಬವಾಸಿ ಮಾತಾಡಿದ. ಅಲ್ಲಿಗೆ ಉಳಿದಿದ್ದ ಒಂದೆಳೆಯೂ ಹರಿಯಿತು.

ಐತಿಹ್ಯಕ್ಕಿಂತ ಈ ನಿಜವೇ ನನಗೆ ದೊಡ್ಡದಾಗಿ ಕಾಣುತ್ತದೆ. ಆ ಕಾಲದ ಬೇಸ್‌ಬಾಲ್ ಕರಾರಿನಲ್ಲಿ ಒಂದು ಷರತ್ತಿತ್ತು. ಒಮ್ಮೆ ಸಹಿ ಹಾಕಿದರೆ ತಂಡದವರು ಅದನ್ನು ವರ್ಷ ವರ್ಷ ತಾವೇ ಮುಂದುವರಿಸಬಹುದು, ಬೇಕೆಂದಾಗ ಮಾರಬಹುದು. ಆಟಗಾರ ತಾನಾಗಿ ಬೇರೆ ತಂಡಕ್ಕೆ ಹೋಗುವಂತಿಲ್ಲ. ನಮ್ಮ ಮೇಷ್ಟ್ರುಗಳ ವರ್ಗಾವಣೆಗೆ ಅರ್ಜಿ, ಮನವಿ ಅಂತ ಏನೋ ಒಂದು ದಾರಿಯಾದರೂ ಇದೆ. ಅವರಿಗಿದ್ದದ್ದು ಒಂದೇ ಹಕ್ಕು, ಆಡುವುದಿಲ್ಲ ಎನ್ನುವುದು. ಮಾಲೀಕರು ಅವನು ತಮ್ಮ ಸೊತ್ತು ಎಂದುಕೊಂಡಿದ್ದರು. ಅಭಿಮಾನಿಗಳೂ, ಪ್ರೀತಿಯಿಂದಲೇ ಇರಲಿ, ಹಾಗೇ ಅಂದುಕೊಂಡಿದ್ದರು. ಹೆಣ್ಣು ಕೊಡುವಾಗ ಅವಳನ್ನು ಕೇಳುವ ರೂಢಿಯಿಲ್ಲದ ಮನೆಗಳನ್ನು ನಾವು ನೋಡಿಲ್ಲವೆ? ಕಣ್ಣೀರು ಹಾಕುವವರು ಕೂಡ ಕೇಳಿರುವುದಿಲ್ಲ. ಅದೇ ಡಿಸೆಂಬರಿನಲ್ಲಿ ಮಾಂಟ್‌ಗೊಮರಿ ನಗರದ ಕಪ್ಪು ಜನ ಒಂದು ವರ್ಷಕ್ಕೂ ಮಿಕ್ಕಿ ನಡೆದಾಡಿ ತಮ್ಮ ಬಸ್ ಬಹಿಷ್ಕಾರವನ್ನು ಗೆಲುವಿನೊಂದಿಗೆ ಮುಗಿಸಿದರು ಎಂಬುದನ್ನು ಚರಿತ್ರೆಯ ಟೀಚರಾಗಿ ನಾನು ಇಲ್ಲಿ ನೆನೆಯದೆ ಇರಲಾರೆ.

ನಂಬಿದ ಜನರಿಗೆ ನಿಜವಾದ ಪೆಟ್ಟು ಬಿದ್ದದ್ದು ಮರುವರ್ಷ. ಒಬ್ಬ ಆಟಗಾರ ನದಿ ದಾಟುತ್ತಾನೆಂದು ಅತ್ತವರಿಗೆ 1957ರ ಅಕ್ಟೋಬರಿನಲ್ಲಿ ಇಡೀ ತಂಡವೇ ಲಾಸ್ ಏಂಜಲೀಸ್‌ಗೆ ಹೊರಟಿದೆ ಎಂದು ತಿಳಿಯಿತು. ಜೈಂಟ್ಸ್‌ನವರು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವುದು ಆಗಸ್ಟಿನಲ್ಲೇ ಗೊತ್ತಾಗಿತ್ತು. ಬ್ರೂಕ್ಲಿನ್‌ನ ಎಬೆಟ್ಸ್ ಫೀಲ್ಡ್ ಮೈದಾನದಲ್ಲಿ ಸೆಪ್ಟೆಂಬರ್ 24ರಂದು ನಡೆದ ಕೊನೆಯ ಪಂದ್ಯಕ್ಕೆ ಬಂದವರು 6,702 ಮಂದಿ. 1960ರಲ್ಲಿ ಮೈದಾನವನ್ನು ಕೆಡವಿ ಮನೆಗಳನ್ನು ಕಟ್ಟಿದರು. ಹಗೆಯನ್ನು ಮಾತ್ರ ಎರಡೂ ತಂಡಗಳು ಜೋಪಾನವಾಗಿ ಗಂಟು ಕಟ್ಟಿಕೊಂಡು ಹೋದವು.

ರಾಬಿನ್ಸನ್ ಆ ಷರತ್ತನ್ನು ಮರೆಯಲಿಲ್ಲ. 1969ರಲ್ಲಿ ಸೇಂಟ್ ಲೂಯಿಸ್ ತಂಡದವರು ತನ್ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟಾಗ ಕರ್ಟ್ ಫ್ಲಡ್ ಎಂಬ ಆಟಗಾರ, ಕೊಂಡು ಮಾರುವ ಆಸ್ತಿ ನಾನಲ್ಲ ಎಂದು ಸೆಟೆದು ನಿಂತು ಕೋರ್ಟಿಗೆ ಹೋದ. ಆಗ ಆಡುತ್ತಿದ್ದವರಲ್ಲಿ ಒಬ್ಬನೂ ಅವನ ಪರ ಸಾಕ್ಷಿ ಹೇಳಲು ಬರಲಿಲ್ಲ. 1970ರಲ್ಲಿ ಬಂದು ಸಾಕ್ಷಿ ಹೇಳಿದವರಲ್ಲಿ ಸಕ್ಕರೆ ಕಾಯಿಲೆಯಿಂದ ಜರ್ಜರಿತನಾಗಿದ್ದ ರಾಬಿನ್ಸನ್ ಒಬ್ಬ. 1972ರಲ್ಲಿ ಸುಪ್ರೀಂ ಕೋರ್ಟು ಫ್ಲಡ್‌ನ ವಿರುದ್ಧ ತೀರ್ಪು ಕೊಟ್ಟಿತು. ಅದೇ ಅಕ್ಟೋಬರಿನಲ್ಲಿ ರಾಬಿನ್ಸನ್ ತೀರಿಕೊಂಡ, 53 ವರ್ಷಕ್ಕೆ. ಷರತ್ತು ಮುರಿದು ಬಿದ್ದದ್ದು 1975ರ ಡಿಸೆಂಬರಿನಲ್ಲಿ, ಮಧ್ಯಸ್ಥಗಾರನೊಬ್ಬನ ತೀರ್ಮಾನದಿಂದ.

ಅಲ್ಲಿಂದ ಮುಂದೆ ಅಭಿಮಾನಿಗಳ ನೋವಿನ ಬಣ್ಣವೇ ಬದಲಾಯಿತು. 'ಮಾರಿದರಲ್ಲ' ಎನ್ನುತ್ತಿದ್ದವರು 'ಹೋದನಲ್ಲ' ಎನ್ನತೊಡಗಿದರು. ಬಾಸ್ಟನ್ನಿನ ವೇಡ್ ಬಾಗ್ಸ್ 1986ರ ವರ್ಲ್ಡ್ ಸೀರೀಸ್ ಸೋತಾಗ ಕೂತು ಅತ್ತವನು. 1992ರ ಡಿಸೆಂಬರಿನಲ್ಲಿ, 34ರ ವಯಸ್ಸಿನಲ್ಲಿ, ಬದ್ಧ ವೈರಿ ಯಾಂಕೀಸ್ ಸೇರಿದ. 1996ರಲ್ಲಿ ಆ ತಂಡ ಗೆದ್ದ ರಾತ್ರಿ ಪೊಲೀಸ್ ಕುದುರೆ ಹತ್ತಿ ಮೈದಾನ ಸುತ್ತಿದ್ದನ್ನು ನೋಡಿ ಬಾಸ್ಟನ್ ಎಷ್ಟು ಸಂಕಟಪಟ್ಟಿತೋ! ಅದೇ ಬಾಸ್ಟನ್ 2016ರಲ್ಲಿ ಅವನನ್ನು ಕರೆದು, ಅವನ 26ನೇ ನಂಬರನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಗೌರವಿಸಿತು. ಇಪ್ಪತ್ತಮೂರು ವರ್ಷ ಹಿಡಿಯಿತು ಅಷ್ಟಕ್ಕೆ.

ರಾಬಿನ್ಸನ್‌ನ ನಂಬರ್ 42. ಅದನ್ನು 1997ರಲ್ಲಿ ಎಲ್ಲ ತಂಡಗಳಿಂದಲೂ ತೆಗೆದಿರಿಸಿದರು. 2009ರಿಂದ ಮಾತ್ರ ವರ್ಷಕ್ಕೊಂದು ದಿನ, ಅವನ ನೆನಪಿಗೆ ಮೀಸಲಾದ ದಿನ, ಪ್ರತಿಯೊಬ್ಬ ಆಟಗಾರನೂ ಅದೇ ನಂಬರಿನ ಅಂಗಿ ತೊಡುವ ಪದ್ಧತಿ ಬಂದಿದೆ. ಡಾಡ್ಜರ್ಸ್‌ನವರೂ ತೊಡುತ್ತಾರೆ, ಜೈಂಟ್ಸ್‌ನವರೂ ತೊಡುತ್ತಾರೆ.