ಸ್ವಾರಗೇಟ: ಬೆಂಚಿಗೊಂದು ಅರ್ಜಿ, ರಸ್ತೆಗೆ?

ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರಾತ್ರಿ ಬಸ್ಸು ಹತ್ತಿದವರಿಗೆ ಪುಣೆ ಅಂದರೆ ಮೊದಲು ಸ್ವಾರಗೇಟ. ಇನ್ನೂ ಬೆಳಕು ಹರಿದಿರುವುದಿಲ್ಲ, ಕಂಡಕ್ಟರು ಕೂಗುತ್ತಾನೆ, ನಿದ್ದೆಗಣ್ಣಿನಲ್ಲಿ ಇಳಿಯುತ್ತೇವೆ. ಕನ್ನಡದ ಕಿವಿಗೆ ಆ ಹೆಸರು ಸ್ವರ್ಗದ ಬಾಗಿಲಿನಂತೆ ಕೇಳುತ್ತದೆ. ಊರಿನವರ ವಿವರಣೆ ಬೇರೆ: ಕುದುರೆ ಸವಾರರು ಕಾಯುತ್ತಿದ್ದ ನಾಕೆ, ಅದಕ್ಕೇ ಸವಾರಗೇಟು. ರಿಕ್ಷಾದವರ ನಡುವೆ ದಾರಿ ಮಾಡಿಕೊಂಡು ರಸ್ತೆ ದಾಟುವ ಹೊತ್ತಿಗೆ ಎರಡನೆಯ ಅರ್ಥವೇ ಸರಿ ಅನ್ನಿಸುತ್ತದೆ.

ಈ ನಾಕೆಯ ದಕ್ಷಿಣಕ್ಕಿರುವ ಬಡಾವಣೆಗಳು ಹುಟ್ಟಿದ ಬಗೆ ಗೊತ್ತಿಲ್ಲದೆ ಇಲ್ಲಿನ ಜನ ನಗರಪಾಲಿಕೆಯ ಜೊತೆ ಯಾಕೆ ಹೀಗೆ ಜಗಳವಾಡುತ್ತಾರೆ ಎಂಬುದು ಅರ್ಥವಾಗುವುದಿಲ್ಲ. 1961ರ ಜುಲೈ 12ರ ಬೆಳಿಗ್ಗೆ ಪಾನಶೇತ್ ಅಣೆಕಟ್ಟು ಒಡೆಯಿತು. ಅದರ ನೀರಿನ ಹೊಡೆತಕ್ಕೆ ಖಡಕ್ವಾಸಲಾ ಅಣೆಕಟ್ಟೂ ನಿಲ್ಲಲಿಲ್ಲ. ಮುಠಾ ನದಿಯ ದಡದ ಹಳೆಯ ಪೇಠೆಗಳು ಮುಳುಗಿದವು. ಮನೆ ಕಳೆದುಕೊಂಡವರಿಗೆ ಊರ ಹೊರಗೆ ಜಾಗ ಹುಡುಕಬೇಕಾಯಿತು. ಪರ್ವತಿ ಗುಡ್ಡದ ಸುತ್ತ, ಸ್ವಾರಗೇಟದಾಚೆ, ಸಂತ್ರಸ್ತರ ಸಹಕಾರಿ ಸಂಘಗಳು ನಿವೇಶನ ಪಡೆದವು. ಸಹಕಾರನಗರ ಎಂಬ ಹೆಸರೇ ಆ ಕಥೆ ಹೇಳುತ್ತದೆ. ಆದರೆ ಭೂಮಿ ಕೊಟ್ಟದ್ದು ಗುತ್ತಿಗೆಯ ಮೇಲೆ. ಅದು ಸ್ವಂತದ್ದಾಗುವುದು ಯಾವಾಗ ಎಂಬ ಜಗ್ಗಾಟ ದಶಕಗಳ ಕಾಲ ನಡೆಯಿತು. ನೆರೆಯಲ್ಲಿ ಮನೆ ಕಳೆದುಕೊಂಡವರ ಮೊಮ್ಮಕ್ಕಳೂ ಅದೇ ಕಡತದ ಹಿಂದೆ ಅಲೆದರು.

ವಿಚಿತ್ರವೆಂದರೆ, ನದಿಯಿಂದ ದೂರ ಒಯ್ದವರನ್ನು ಇನ್ನೊಂದು ನೀರಿನ ದಾರಿಯಲ್ಲೇ ಕೂರಿಸಲಾಯಿತು. ಕಾತ್ರಜ್ ಬೆಟ್ಟದಿಂದ ಇಳಿದು, ಪದ್ಮಾವತಿ, ಸಹಕಾರನಗರಗಳನ್ನು ಹಾದು, ಪರ್ವತಿಯ ಬುಡದಲ್ಲಿ ತಿರುಗಿ ಮುಠಾ ಸೇರುವ ಹಳ್ಳದ ಹೆಸರು ಆಂಬೀಲ್ ಓಢಾ. ಪೇಶ್ವೆ ನಾನಾಸಾಹೇಬ ಹದಿನೆಂಟನೆಯ ಶತಮಾನದಲ್ಲಿ ಕಾತ್ರಜದಿಂದ ಊರಿಗೆ ನೀರು ತಂದದ್ದೂ, ಪರ್ವತಿಯ ಕೆಳಗೆ ಕೆರೆ ಕಟ್ಟಿಸಿದ್ದೂ ಈ ಹಳ್ಳವನ್ನು ನಂಬಿಯೇ. ಆ ಕೆರೆ ಈಗ ಸಾರಸಬಾಗ್ ಉದ್ಯಾನ. ಉಳಿದ ಹಳ್ಳದ ಮೈಯನ್ನು ಗೋಡೆ, ಮೋರಿ, ಗುಡಿಸಲು, ಅಪಾರ್ಟ್‌ಮೆಂಟು ಎಲ್ಲವೂ ಸ್ವಲ್ಪ ಸ್ವಲ್ಪ ತಿಂದವು. 2019ರ ಸೆಪ್ಟೆಂಬರ್ 25ರ ರಾತ್ರಿ ಮಳೆ ಸುರಿದಾಗ ಹಳ್ಳ ತನ್ನ ಜಾಗ ಕೇಳಿತು. ನಗರ ಮತ್ತು ಜಿಲ್ಲೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ಇನ್ನು ಯೋಜನೆಯ ಮಾತು. ಪುಣೆ ಮಹಾನಗರಪಾಲಿಕೆ ಆದದ್ದು 1950ರ ಫೆಬ್ರವರಿಯಲ್ಲಿ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ ಪ್ರಕಾರ ಊರಿನ ವಿಕಾಸ ಯೋಜನೆಯ ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆ, ಸಲಹೆ ಕೇಳಲೇಬೇಕು. 1987ರ ಯೋಜನೆಯ ನಂತರದ ಕರಡು ಹೊರಬಿದ್ದದ್ದು 2013ರಲ್ಲಿ, ಅದೂ 2007ರಿಂದ 2027ರವರೆಗಿನ ಅವಧಿಗೆ. ಅವಧಿಯ ಆರು ವರ್ಷ ಆಗಲೇ ಕಳೆದಿತ್ತು! ಬಂದ ಆಕ್ಷೇಪಣೆ, ಸಲಹೆಗಳು ಸುಮಾರು 87,000. ಜನ ನಿರಾಸಕ್ತರು ಎನ್ನುವ ಅಧಿಕಾರಿಗಳಿಗೆ ಈ ಅಂಕಿಯನ್ನು ತೋರಿಸಬೇಕು. ಯೋಜನೆ ಪಾಲಿಕೆಯಲ್ಲೇ ತಡವಾಗಿ, 2015ರಲ್ಲಿ ರಾಜ್ಯ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಮಂಜೂರಾದದ್ದು 2017ರ ಜನವರಿಯಲ್ಲಿ. ಆ 87,000 ಅರ್ಜಿಗಳಲ್ಲಿ ಎಷ್ಟೋ ಒಂದು ಮರದ ಬಗ್ಗೆ, ಒಂದು ಆಟದ ಮೈದಾನದ ಬಗ್ಗೆ, ತನ್ನ ಮನೆಯ ಮೇಲೆ ಎಳೆದ ಒಂದು ಗೆರೆಯ ಬಗ್ಗೆ ಇದ್ದಿರಬೇಕು. ನಕ್ಷೆಯಲ್ಲಿ ಬಣ್ಣದ ಒಂದು ಪಟ್ಟಿ, ಕೆಳಗಿರುವವನಿಗೆ ಅಡುಗೆಮನೆ.

ಇಷ್ಟರಲ್ಲಿ ಪಾಲಿಕೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿತ್ತು. 2006ರಲ್ಲಿ ನಾಗರಿಕರೇ ಬಜೆಟ್ಟಿಗೆ ಕಾಮಗಾರಿ ಸೂಚಿಸುವ ಪದ್ಧತಿ ಶುರುವಾಯಿತು. ನಿಮ್ಮ ಬೀದಿಗೆ ಪಾದಚಾರಿ ಮಾರ್ಗ ಬೇಕೆ, ದೀಪ ಬೇಕೆ, ಬಸ್ ನಿಲ್ದಾಣದಲ್ಲಿ ಬೆಂಚು ಬೇಕೆ, ನಮೂನೆ ತುಂಬಿ ವಾರ್ಡ್ ಕಚೇರಿಗೆ ಕೊಡಿ. ಒಂದು ಕಾಮಗಾರಿ ಐದು ಲಕ್ಷದೊಳಗಿರಬೇಕು. ನನಗೆ ಇದನ್ನು ಹೀಗಳೆಯುವ ಮನಸ್ಸಿಲ್ಲ. ಬೆಂಗಳೂರಿನ ಅನೇಕ ಬೀದಿಗಳಲ್ಲಿ ಬೆಂಚು ಕೇಳಲೂ ಒಂದು ನಮೂನೆ ಸಿಗುತ್ತಿರಲಿಲ್ಲ.

ಆದರೆ ಅದೇ 2006ರ ಡಿಸೆಂಬರಿನಲ್ಲಿ ಕಾತ್ರಜ್‌ನಿಂದ ಸ್ವಾರಗೇಟದ ಮೂಲಕ ಹಡಪ್ಸರಕ್ಕೆ ದೇಶದ ಮೊದಲ ಬಿ.ಆರ್.ಟಿ. ಬಸ್ಸು ಓಡತೊಡಗಿತು. ರಸ್ತೆಯ ನಡುವೆ ಬಸ್ಸಿಗೆ ಪ್ರತ್ಯೇಕ ಪಥ. ಯೋಚನೆ ಸರಿಯಾದದ್ದೇ: ರಸ್ತೆ ಹೆಚ್ಚು ಜನ ಕೂರುವ ವಾಹನಕ್ಕೆ ಮೊದಲು ಸಲ್ಲಬೇಕು. ಆದರೆ ಬಸ್ಸು ನಿಲ್ಲುವುದು ರಸ್ತೆಯ ನಡುವೆ ಎಂದಾದರೆ, ಹತ್ತಬೇಕಾದ ಅಜ್ಜಿ ಅರ್ಧ ರಸ್ತೆಯನ್ನು ದಾಟಲೇಬೇಕು. ದಾಟುವ ಜಾಗ, ಪಾದಚಾರಿ ಮಾರ್ಗ ಪೂರ್ತಿಯಾಗದೆ ಬಸ್ಸು ಬಿಟ್ಟರು ಎಂಬುದು ಆಗ ಎದ್ದ ದೊಡ್ಡ ದೂರು. ಬೆಂಚಿನ ಅರ್ಜಿ ನಮೂನೆಯಲ್ಲಿ ಇಂಥ ರಸ್ತೆಗೆ ಜಾಗವಿರಲಿಲ್ಲ. ಐದು ಲಕ್ಷದ ಮಿತಿಗೆ ಅದು ಬರುವುದೂ ಇಲ್ಲ.

2021ರ ಜೂನ್ 24ರಂದು ದಾಂಡೇಕರ್ ಪೂಲ್ ಬಳಿ ಆಂಬೀಲ್ ಓಢಾದ ದಡದ ಮನೆಗಳಿಗೆ ಜೆಸಿಬಿ ಬಂತು. ಪ್ರವಾಹದ ಅಪಾಯ ತಪ್ಪಿಸಲು ಎಂದು ಒಂದು ಕಡೆ, ಮಳೆಗಾಲದ ನಡುವೆ ಎಲ್ಲಿಗೆ ಹೋಗುವುದು ಎಂದು ಇನ್ನೊಂದು ಕಡೆ. ಅದೇ ದಿನ ನ್ಯಾಯಾಲಯದ ತಡೆಯಾಜ್ಞೆ ಬಂತು; ಅಷ್ಟರಲ್ಲಿ ಹಲವು ಗೋಡೆ ಬಿದ್ದಿದ್ದವು. 2022ರ ಮಾರ್ಚ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ಆಡಳಿತಾಧಿಕಾರಿಯದೇ ಕಾರುಬಾರು. ಚರಂಡಿ ಕಟ್ಟಿದರೆ ಬೈಯಲು ಒಬ್ಬ ನಗರಸೇವಕನೂ ಇರಲಿಲ್ಲ.

2024ರ ಸೆಪ್ಟೆಂಬರ್ 29ರಂದು ಸ್ವಾರಗೇಟಕ್ಕೆ ನೆಲದಡಿಯ ಮೆಟ್ರೋ ಬಂತು. ಅಲ್ಲಿಂದ ಕಾತ್ರಜ್‌ಗೆ 5.46 ಕಿ.ಮೀ. ವಿಸ್ತರಣೆಯನ್ನು ಅದಕ್ಕಿಂತ ಒಂದು ತಿಂಗಳು ಮೊದಲೇ ಕೇಂದ್ರ ಸಂಪುಟ ಒಪ್ಪಿತ್ತು: ಮಾರ್ಕೆಟ್ ಯಾರ್ಡ್, ಪದ್ಮಾವತಿ, ಕಾತ್ರಜ್, ಮೂರೇ ನಿಲ್ದಾಣ. ನಡುವಿನ ಬಾಲಾಜಿನಗರ, ಬಿಬವೇವಾಡಿಯವರು ಸುಮ್ಮನೆ ಕೂರಲಿಲ್ಲ. ನಮ್ಮ ಮನೆಯಡಿ ರೈಲು ಹೋಗುತ್ತದೆ, ನಿಲ್ಲುವುದಿಲ್ಲವೇ ಎಂದು ಕೇಳಿದರು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಎರಡು ಹೆಚ್ಚುವರಿ ನಿಲ್ದಾಣಗಳಿಗೆ ಒಪ್ಪಿಗೆ ಕೊಟ್ಟಿತು. ಖರ್ಚು ಸುಮಾರು 683 ಕೋಟಿ ರೂಪಾಯಿ ಹೆಚ್ಚಾಯಿತು.