ಕೊಕ್ಕರೆ ಹೊತ್ತು ತಂದ ಈಟಿ

ಚಳಿಗಾಲ ಬಂದೊಡನೆ ಯುರೋಪಿನ ಆಕಾಶದಿಂದ ಕಣ್ಮರೆಯಾಗುವ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆ ಮಾನವನನ್ನು ಶತಮಾನಗಳ ಕಾಲ ಕಾಡಿತ್ತು. ಕೆಲವು ಹಕ್ಕಿಗಳು ದೂರದ ನಾಡಿಗೆ ಹೋಗುತ್ತವೆಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನಿಗೆ ತಿಳಿದಿತ್ತು. ಆದರೂ ಕವಲುತೋಕೆ ಹಕ್ಕಿಗಳು ಗರಿ ಉದುರಿಸಿಕೊಂಡು ಪೊಟರೆಗಳಲ್ಲಿ ಅಡಗಿರುತ್ತವೆ ಎಂದೇ ಆತ ಬರೆದ. ಸ್ವೀಡನ್ನಿನ ಕಥೋಲಿಕ ಮಹಾಧರ್ಮಾಧ್ಯಕ್ಷ ಓಲಾಸ್ ಮಾಗ್ನಸ್, ಅವು ನೀರಿನ ತಳದಲ್ಲಿ ಮಲಗಿದ್ದು ಬೆಸ್ತರ ಬಲೆಗೆ ಸಿಗುತ್ತವೆ ಎಂದು 1555ರಲ್ಲಿ ಬರೆದರು. ಅಂಗೈಯಗಲದ ಜೀವವೊಂದು ಕಡಲನ್ನೂ ಮರುಭೂಮಿಯನ್ನೂ ದಾಟೀತೆಂದು ನಂಬುವುದಕ್ಕಿಂತ, ಅದು ಇಲ್ಲೇ ಎಲ್ಲೋ ನಿದ್ರಿಸುತ್ತಿದೆ ಎಂದು ನಂಬುವುದು ಸುಲಭವಾಗಿತ್ತು.

1822ರಲ್ಲಿ ಉತ್ತರ ಜರ್ಮನಿಯ ಕ್ಲ್ಯೂಟ್ಸ್ ಎಂಬ ಊರಿನ ಬಳಿ ಗುಂಡಿಗೆ ಬಲಿಯಾದ ಬಿಳಿ ಕೊಕ್ಕರೆಯೊಂದು ಈ ಪ್ರಶ್ನೆಗೆ ಉತ್ತರ ನೀಡಿತು. ಅದರ ಕತ್ತಿನಲ್ಲಿ ಸುಮಾರು 80 ಸೆಂಟಿಮೀಟರ್ ಉದ್ದದ ಈಟಿಯೊಂದು ನಾಟಿಕೊಂಡಿತ್ತು. ಆ ಈಟಿಯ ಮರ ಆಫ್ರಿಕಾದ್ದು! ಅಷ್ಟು ದೊಡ್ಡ ಗಾಯವನ್ನು ಹೊತ್ತುಕೊಂಡೇ ಆ ಹಕ್ಕಿ ಸಾವಿರಾರು ಕಿಲೋಮೀಟರ್ ಹಾರಿ ಬಂದಿತ್ತು. ಆ ಕೊಕ್ಕರೆಯನ್ನು ರಾಸ್ಟಾಕ್ ವಿಶ್ವವಿದ್ಯಾನಿಲಯದಲ್ಲಿ ಇಂದಿಗೂ ಕಾಪಾಡಿಡಲಾಗಿದೆ. ಮುಂದೆ 1899ರಲ್ಲಿ ಡೆನ್ಮಾರ್ಕಿನ ಶಿಕ್ಷಕ ಮಾರ್ಟೆನ್ಸನ್, ನಮ್ಮ ಗೊರವಂಕದ ಬಳಗಕ್ಕೆ ಸೇರಿದ ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ಅಂಕಿ ಕೊರೆದ ಅಲ್ಯೂಮಿನಿಯಂ ಉಂಗುರ ತೊಡಿಸಿದನು. ಅಂದಿನಿಂದ ವಲಸೆಯ ಜಾಡನ್ನು ಕ್ರಮಬದ್ಧವಾಗಿ ಅರಿಯುವ ದಾರಿ ತೆರೆಯಿತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬಂದ ಅತಿಥಿಗಳೆಂದು ಈಗ ನಮಗೆ ಗೊತ್ತು.

ಪಂಜರದಲ್ಲಿ ಕಾಳು ನೀರಿಗೆ ಕೊರತೆಯಿಲ್ಲದೆ ಬೆಳೆದ ವಲಸೆ ಹಕ್ಕಿಯೂ ಕಾಲ ಬಂದಾಗ ರಾತ್ರಿಯಿಡೀ ರೆಕ್ಕೆ ಬಡಿದು ಚಡಪಡಿಸುತ್ತದೆ. ಮನುಷ್ಯನಲ್ಲಿಯೂ ಇಂಥದೊಂದು ಚಡಪಡಿಕೆಯಿದೆ. ಬರವೂ ಬಡತನವೂ ಅನೇಕರನ್ನು ಊರು ಬಿಡಿಸುತ್ತವೆ, ನಿಜ. ಆದರೆ ಹಸಿವಿಲ್ಲದ ಮನೆಯ ಮಗನೂ ಮಗಳೂ ದೂರದ ದಾರಿಯನ್ನು ನೋಡುತ್ತಾ ನಿಲ್ಲುವುದುಂಟು. ಇದನ್ನು ಕೃತಘ್ನತೆ ಎಂದು ಬಗೆಯಬೇಕಾಗಿಲ್ಲ. ವ್ಯತ್ಯಾಸವೊಂದಿದೆ: ಹಕ್ಕಿಗೆ ಮರಳುವ ಕಾಲವೂ ರಕ್ತದಲ್ಲಿಯೇ ಬರೆದಿದೆ, ಮನುಷ್ಯನ ಮರಳುವಿಕೆಯನ್ನು ಸಾಲ, ರಜೆ, ವೀಸಾಗಳು ನಿರ್ಧರಿಸುತ್ತವೆ.

ನಮ್ಮ ಮನೆಗಳಿಂದಲೂ ಮುಂಬಯಿಗೆ, ಕೊಲ್ಲಿ ರಾಷ್ಟ್ರಗಳಿಗೆ ಹೋದವರಿದ್ದಾರೆ. ಅವರು ಅಲ್ಲಿ ಸುಖವಾಗಿದ್ದಾರೆ ಎಂದು ಭಾವಿಸಿ ನಾವೂ ನಿಶ್ಚಿಂತರಾಗಿರುತ್ತೇವೆ. ಹಕ್ಕಿಗಳು ನೀರಿನ ತಳದಲ್ಲಿ ನಿದ್ರಿಸುತ್ತಿವೆ ಎಂದು ನಂಬಿದ ಹಿಂದಿನವರಂತೆ. ರಜೆಯಲ್ಲಿ ಅವರು ಬಂದಾಗ ನಮ್ಮ ಕಣ್ಣು ಮೊದಲು ಹೋಗುವುದು ಪೆಟ್ಟಿಗೆಯ ಕಡೆಗೆ. ಕತ್ತಿನಲ್ಲಿ ನಾಟಿದ ಈಟಿ ಎಲ್ಲರಿಗೂ ಕಾಣಿಸುವಂಥದಲ್ಲ. ಆದ್ದರಿಂದ "ಏನು ತಂದೆ?" ಎಂದು ಕೇಳುವ ಮೊದಲು, ಪಕ್ಕದಲ್ಲಿ ಕೂರಿಸಿಕೊಂಡು "ಅಲ್ಲಿ ಹೇಗಿದ್ದೀಯ, ಮಗು?" ಎಂದು ಕೇಳೋಣ. ಉತ್ತರ ಬರುವವರೆಗೂ ಕಾಯೋಣ.